ತಮ್ಮನ ವಿಮಾನ, ನನ್ನ ಸಿಟ್ಟು

ತಮ್ಮ ಪೈಲಟ್ ಆಗುತ್ತೇನೆಂದು ಹೊರಟ ಮೇಲೆ ನನಗೆ ಸಿಟ್ಟು ಬಾರದ ದಿನವಿಲ್ಲ, ಊರಿಗೆ ನಗು ಬಾರದ ದಿನವೂ ಇಲ್ಲ. ನಾನು ಅರಸೀಕೆರೆಯಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು, ಅಪ್ಪ ಬೇಲೂರಿನಲ್ಲಿ ಅರ್ಚಕರು. ಇಂಥ ಮನೆಯ ಹುಡುಗನಿಗೆ ಬೆಂಗಳೂರಿನಲ್ಲಿ ಸ್ವಂತ ಖರ್ಚಿನಲ್ಲಿ ವಿಮಾನ ಹಾರಿಸಲು ಕಲಿಯುವ ಹುಚ್ಚು!

ಗಂಟೆ

ಅಲ್ಲಿ ಫೀಸು ತಿಂಗಳ ಲೆಕ್ಕವಲ್ಲ. ಹಾರಿದ ಗಂಟೆಗೆ ಇಷ್ಟು. ಒಂದು ಗಂಟೆಗೆ ನನ್ನ ಅರ್ಧ ತಿಂಗಳ ಸಂಬಳ! ಉರಿದುಹೋಯಿತು ನನಗೆ. ಬೇಲೂರಿಗೆ ಹೋಗಿ ಅಮ್ಮನ ಮುಂದೆ ಕೂಗಾಡಿದೆ.

"ಗಂಟೆಗೆ ಅಷ್ಟೊಂದು ದುಡ್ಡೇನೋ?"

"ಹೌದಮ್ಮ. ಅಂಥವು ನೂರಾರು ಬೇಕಂತೆ."

ಅಮ್ಮ ಯೋಚಿಸಿ ಹೇಳಿದಳು: "ಅಷ್ಟು ತೂಗುಹಾಕಿದ್ರೆ ವಿಮಾನ ಮೇಲೇಳೋದು ಹ್ಯಾಗೋ? ದೇವರ ಮನೇಲಿ ಹಳೇದೊಂದಿದೆ, ಅದನ್ನೇ ಕೊಂಡೋಗು."

ಸ್ಟಾಪು

ಸಾಲ ಕೇಳಲು ಹಗರೆಯ ಪರಿಚಯದ ಗೌಡರ ಮನೆಗೆ ಹೋದೆ. ಮಗ ಕೇಳಿದ ಕೂಡಲೇ ಅವರು ಅವನಿಗೆ ಲಾರಿ ತೆಗೆಸಿಕೊಟ್ಟಿದ್ದರು. ಅದು ಬಿಕ್ಕೋಡಿನ ಕಾಫಿ ಮೂಟೆ ಹೊರುತ್ತಿತ್ತು.

"ಮೇಷ್ಟ್ರೇ, ಕಲ್ತ್ಮೇಲೆ ನಿಮ್ ತಮ್ಮ ಇಮಾನ ಹಗರೇಲಿ ನಿಲ್ಲಿಸ್ತಾನಾ?"

"ಇಲ್ಲ ಗೌಡ್ರೇ."

"ಬೇಲೂರಲ್ಲಿ?"

"ಇಲ್ಲ."

"ಅರಸೀಕೆರೇಲಾದ್ರೂ?"

"ಅಲ್ಲೂ ಇಲ್ಲ."

"ಎಲ್ಲೂ ನಿಲ್ಲಿಸ್ದಿದ್ರೆ ಜನ ಹತ್ತೋದೆಲ್ಲಿ, ನನ್ ದುಡ್ಡು ವಾಪಸ್ ಬರೋದೆಲ್ಲಿ? ಕಂಡಕ್ಟರ್ ಕೆಲ್ಸಕ್ಕೆ ಸೇರ್ಸಿ, ಅದ್ರಲ್ಲಿ ಮರ್ಯಾದೆ ಐತೆ!"

ಇನ್ನೊಂದು ಸುತ್ತು

ಕೊನೆಗೆ ತಮ್ಮನ ಕಾಗದ ಬಂತು. ಪರೀಕ್ಷೆಗೆ ಕೂರಲು ಇನ್ನು ಒಂದೇ ಗಂಟೆ ಹಾರಾಟ ಬಾಕಿ, ಕೈಯಲ್ಲಿ ಕಾಸಿಲ್ಲ. ನನ್ನ ಹೆಂಡತಿ ಕೈಯಿಂದ ಎರಡು ಚಿನ್ನದ ಬಳೆ ತೆಗೆದುಕೊಟ್ಟಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬಳೆ ಮಾರಿ ಬೆಂಗಳೂರಿಗೆ ಹೋದೆ, ದುಡ್ಡು ಕಟ್ಟಿದೆ, ರಸೀದಿ ಜೇಬಿಗೆ ಹಾಕಿಕೊಂಡು ಅಲ್ಲಿನ ವಿಮಾನ ಶಾಲೆಯ ಮೀಸೆಯ ಮುಖ್ಯಸ್ಥರ ಮೇಲೆ ಹರಿಹಾಯ್ದೆ.

"ಆಕಾಶ ಏನು ಸಾಹುಕಾರರ ಜಹಗೀರೇನ್ರೀ? ಮೇಷ್ಟ್ರ ತಮ್ಮ ಹಾರಬೇಕಾದ್ರೆ ಮನೆ ಹೆಂಗಸರ ಕೈ ಬರಿದಾಗಬೇಕೇನ್ರೀ?"

ಅವರಿಗೆ ಸಿಟ್ಟೇ ಬರಲಿಲ್ಲ. "ಬನ್ನಿ ಮೇಷ್ಟ್ರೇ, ಒಂದು ಸುತ್ತು ಹೋಗಿ ಬರೋಣ" ಎಂದು ವಿಮಾನಕ್ಕೆ ಹತ್ತಿಸಿದರು. ಮೇಲಿನಿಂದ ಕೆರೆ ಊಟದ ತಟ್ಟೆಯಷ್ಟಿತ್ತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಪಾಪ, ಒಳ್ಳೆಯ ಮನುಷ್ಯ, ಸುಮ್ಮನೆ ಬೈದೆ ಅಂದುಕೊಂಡೆ.

ಇಳಿದಾಗ ತಮ್ಮ ಬಿಳಿಚಿಕೊಂಡು ನಿಂತಿದ್ದ.

"ಅಣ್ಣಾ, ನೀನು ಹಾರಿದ್ದನ್ನ ನನ್ನ ದುಡ್ಡಲ್ಲಿ ಮುರ್ಕೊಂಡಿದ್ದಾರೆ. ಈಗ ಪರೀಕ್ಷೆಗೆ ಅರ್ಧ ಗಂಟೆ ಕಮ್ಮಿ ಬಿತ್ತು."

ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು. "ಮೋಸ ಕಣೋ! ಅವರು ಕರ್ಕೊಂಡು ಹೋಗಿದ್ದು ಒಂದೇ ಸುತ್ತು, ಹತ್ತು ನಿಮಿಷ!"

"ಹತ್ತು ನಿಮಿಷಕ್ಕೇ ಇಳಿಸೋಕೆ ಹೊರಟ್ರಂತೆ. ನೀನೇ ಭುಜ ತಟ್ಟಿ, ಇನ್ನೊಂದು ಸುತ್ತು ಅಂದ್ಯಂತಲ್ಲ," ಅಂದ ತಮ್ಮ. "ಅದೂ ಎರಡು ಸಲ!"