ಹದಿನಾಲ್ಕನೇ ಪುಟದ ಗ್ರೀಕ್ ಮೊಸರು

‘ಮನೆಯಲ್ಲಿರುವುದರಲ್ಲೇ ಮೃಷ್ಟಾನ್ನ’ ಎಂಬ ಅಡುಗೆ ಪುಸ್ತಕದ ಲೇಖಕರ ಸನ್ನಿಧಿಗೆ,

ಮಾನ್ಯರೇ,

ಯಲಬುರ್ಗಾದ ಪ್ರೌಢಶಾಲೆಯೊಂದರ ಗಣಿತ ಶಿಕ್ಷಕನಾದ ಕಾಶಿನಾಥ ಎಂಬ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದೂ ತಮ್ಮ ಅಡುಗೆಮನೆ ತುಂಬಿ ತುಳುಕುತ್ತಿದೆಯೆಂದೂ ನಂಬಿದ್ದೇನೆ. ಎರಡನೆಯದಕ್ಕೆ ತಮ್ಮ ಪುಸ್ತಕದ ಪ್ರತಿ ಪುಟವೂ ಸಾಕ್ಷಿ. ನಮ್ಮ ಕ್ಷೇಮದ ವಿಚಾರ ಮಾತ್ರ ಸ್ವಲ್ಪ ಉದ್ದವಾಗಿರುವುದರಿಂದ ತಮ್ಮ ಅಮೂಲ್ಯ ಸಮಯವನ್ನು ಕೋರುತ್ತೇನೆ.

ನನ್ನ ಹೆಂಡತಿ ನೇತ್ರಾವತಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಆರು ವಾರದ ಪ್ಲಾಸ್ಟರ್ ಹಾಕಿದ ಡಾಕ್ಟರು, ಮೂಳೆ ಕೂಡಬೇಕಾದರೆ ಹೊಟ್ಟೆ ತುಂಬ ಉಣ್ಣಬೇಕೆಂದು ಹೇಳಿ ಕಳಿಸಿದರು. ಅಂದೇ ನಾನು, ಅಡುಗೆ ಇನ್ನು ನನ್ನದು, ನೀನು ಒಲೆಯ ಕಡೆ ಬರುವುದಿರಲಿ, ಒಂದು ಮಾತನ್ನೂ ಹೇಳಿಕೊಡಕೂಡದು ಎಂದು ಘೋಷಿಸಿಬಿಟ್ಟೆ. ಪಠ್ಯಪುಸ್ತಕದ ದಾರಿ ಬಿಟ್ಟು ಲೆಕ್ಕ ಮಾಡಿದ ಮಕ್ಕಳಿಗೆ ಇಪ್ಪತ್ತು ವರ್ಷ ಅಂಕ ಕತ್ತರಿಸಿದ ನನಗೆ, ಒಂದು ಪುಸ್ತಕ ಕೈಯಲ್ಲಿದ್ದರೆ ಅಡುಗೆ ಯಾವ ಮಹಾ ಎನಿಸಿತ್ತು. ಕೊಪ್ಪಳಕ್ಕೆ ಹೋಗಿ ಹುಡುಕಿ ಹುಡುಕಿ, ಮುಖಪುಟದಲ್ಲೇ ‘ಅಂಗಡಿಗೆ ಓಡಬೇಕಿಲ್ಲ’ ಎಂದು ಭರವಸೆ ಕೊಟ್ಟಿದ್ದ ತಮ್ಮ ಗ್ರಂಥವನ್ನೇ ತಂದೆ.

‘ಪ್ರತಿ ಮನೆಯಲ್ಲೂ ಸದಾ ಇರುವ ಸಾಮಗ್ರಿಗಳು’ ಎಂಬ ತಮ್ಮ ಮೊದಲ ಪಟ್ಟಿಯಲ್ಲಿ ಆಲಿವ್ ಎಣ್ಣೆ, ಒರೆಗಾನೊ, ಅಣಬೆ, ಮೂರು ಬಗೆಯ ಚೀಸು ಮತ್ತು ‘ನಿನ್ನೆ ಮಿಕ್ಕ ಪಾಸ್ತಾ’ ಇದ್ದವು. ನಮ್ಮ ಡಬ್ಬಿಗಳನ್ನೆಲ್ಲ ತೆರೆದು ನೋಡಿದರೆ ಜೋಳದ ಹಿಟ್ಟು, ತೊಗರಿಬೇಳೆ, ಶೇಂಗಾ, ಒಣಖಾರ, ಹುಣಸೆಹಣ್ಣು, ಬೆಲ್ಲ. ಮಿಕ್ಕಿದ್ದೆಂದರೆ ಎರಡು ರೊಟ್ಟಿ. ಇಷ್ಟನ್ನೇ ಇಟ್ಟುಕೊಂಡು ಇಷ್ಟು ವರ್ಷ ಅದನ್ನು ಮನೆಯೆಂದು ಕರೆದುಕೊಂಡು ಬಂದ ನಮ್ಮ ಧಾರ್ಷ್ಟ್ಯವನ್ನು ದಯಮಾಡಿ ಕ್ಷಮಿಸಬೇಕು.

ಓಣಿಯ ಕಿರಾಣಿ ಅಂಗಡಿಯ ಗಾಳೇಶ ನನ್ನ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಸರ, ಇದು ಡಾಕ್ಟರ್ ಚೀಟಿ ಐತ್ರಿ, ಬಾಜೂ ಮೆಡಿಕಲ್‌ನ್ಯಾಗ ಕೇಳ್ರಿ” ಎಂದು ವಿನಯದಿಂದ ಮರಳಿಸಿದ. ಕುಷ್ಟಗಿಯಲ್ಲಿ ಸಿಗಲಿಲ್ಲ. ಕೊನೆಗೆ ಗಂಗಾವತಿಯ ದೊಡ್ಡ ಅಂಗಡಿಯೊಂದರಲ್ಲಿ ಅರ್ಧ ಪಟ್ಟಿ ಸಿಕ್ಕಿತು. ಅಂಗಡಿಗೆ ಓಡಬೇಕಿಲ್ಲವೆಂಬ ತಮ್ಮ ಮಾತು ಸುಳ್ಳಾಗಲಿಲ್ಲ. ನಾನು ಬಸ್ಸಿನಲ್ಲೇ ಹೋಗಿದ್ದೆ.

ಖಾನಾವಳಿಯ ರೊಟ್ಟಿಯ ಜೊತೆಗೆ ತಮ್ಮ ಮೃಷ್ಟಾನ್ನಗಳನ್ನು ದಿನಕ್ಕೊಂದರಂತೆ ಬಡಿಸಿದೆ. ನೇತ್ರಾವತಿ ನನ್ನ ಮಾತಿಗೆ ಕಟ್ಟುಬಿದ್ದು ಒಂದು ಸಲಹೆಯನ್ನೂ ಕೊಡಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಎರಡು ತುತ್ತು ಬಾಯಿಗಿಟ್ಟು “ಸಾಕ್ರಿ” ಎನ್ನುತ್ತಿದ್ದಳು. ಮೂರನೇ ವಾರಕ್ಕೆ ಅವಳ ಕೆನ್ನೆ ಇಳಿದವು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹದಿನಾಲ್ಕನೇ ಪುಟಕ್ಕೆ ಬಂದದ್ದು ಆ ಹೆದರಿಕೆಯಲ್ಲೇ. ಅಲ್ಲಿ ತಾವು ಸೌತೆಕಾಯಿಯ ತಣ್ಣನೆಯ ಸೂಪಿಗೆ ಒಂದು ಬಟ್ಟಲು ಗ್ರೀಕ್ ಮೊಸರು ಕೇಳಿದ್ದಿರಿ. ಪಕ್ಕದ ಮನೆಯ ಹಸನಬೀಯನ್ನು ಸಂಕೋಚದಿಂದ ವಿಚಾರಿಸಿದೆ. “ನಮ್ಮ ಎಮ್ಮಿ ಯಲಬುರ್ಗಾದಾಗ ಹುಟ್ಟೇತ್ರಿ ಸರ, ಆದ್ರ ಮೊಸರು ಗಟ್ಟಿ ಇರತೈತಿ” ಎಂದು ಬಟ್ಟಲು ತುಂಬ ಕೊಟ್ಟಳು. ಇಸಿದುಕೊಂಡು ಬಂದ ಬಟ್ಟಲನ್ನು ಬರಿದಾಗಿ ಮರಳಿಸುವುದು ನಮ್ಮ ಓಣಿಯಲ್ಲಿ ಮರ್ಯಾದೆಯಲ್ಲವಾದ್ದರಿಂದ, ತಮ್ಮ ಸೂಪನ್ನೇ ಒರೆಗಾನೊ ಉದುರಿಸಿ ತುಂಬಿ ಕಳಿಸಿದೆ. ಮರುದಿನ ಹಸನಬೀ ತೀರ್ಪು ತಂದಳು: “ಬ್ಯಾಸರ ಮಾಡ್ಕೋಬ್ಯಾಡ್ರಿ ಸರ, ನಮ್ಮ ಎಮ್ಮಿ ತನ್ನ ಮೊಸರನ್ನ ತಾನ ಗುರುತು ಹಿಡೀಲಿಲ್ಲ.”

ಆದರೆ ಅವಳೂ ಬರಿಗೈಯಲ್ಲಿ ಬಂದಿರಲಿಲ್ಲ. ಅದೇ ಬಟ್ಟಲಿನ ತುಂಬ ಹುಳಿ ಸೊಪ್ಪಿನ ಪುಂಡಿಪಲ್ಯ ಇತ್ತು. ನೇತ್ರಾವತಿ ರೊಟ್ಟಿಗೆ ಹಚ್ಚಿಕೊಂಡು ಉಂಡು, ತಾಟು ಮುಂದೆ ಸರಿಸಿ, “ಇನ್ನೊಂಚೂರು ಹಾಕ್ರಿ” ಎಂದಳು. ಇಪ್ಪತ್ತು ದಿನ ಕಾದ ಮಾತು ಬೇರೆಯವರ ಅಡುಗೆಗೆ ಬಂದದ್ದಕ್ಕೆ ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

ಕೂಡಲೇ ಹಸನಬೀಯ ಮನೆಗೆ ಹೋದೆ. ಕೈಯಲ್ಲಿ ತಮ್ಮ ಪುಸ್ತಕವಷ್ಟೇ ಇದ್ದುದರಿಂದ ಅದೇ ಹದಿನಾಲ್ಕನೇ ಪುಟದ ಅಂಚಿನಲ್ಲಿ ಬರೆದುಕೊಂಡೆ: ಹಿತ್ತಲಿನ ಪುಂಡಿ ಸೊಪ್ಪು, ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಶೇಂಗಾ ಎಣ್ಣೆ. ಉಪ್ಪು ಎಷ್ಟೆಂದು ಕೇಳಿದ್ದಕ್ಕೆ “ಕೈಗೆ ಗೊತ್ತಾಗತೈತ್ರಿ” ಎಂದಳು. ಗಣಿತದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಎರಡು ಸಲ ತಳ ಹಿಡಿಸಿ, ಮೂರನೇ ಸಲದ್ದನ್ನು ಹಸನಬೀಯ ಬಟ್ಟಲಿಗೇ ಹಾಕಿ, ಯಾರು ಮಾಡಿದ್ದೆಂದು ಹೇಳದೆ ನೇತ್ರಾವತಿಯ ಮುಂದಿಟ್ಟೆ. ಅವಳು ಪೂರ್ತಿ ಮುಗಿಸಿ, “ಛಲೋ ಆಗೇತಿ, ಇನ್ನೊಂಚೂರು ಹಾಕ್ರಿ. ಹಸನಬೀ ಇವತ್ತ ಉಪ್ಪು ಒಂದ್ ಕಡಿಮಿ ಹಾಕ್ಯಾಳ” ಎಂದಳು. ನನ್ನ ಸೇವಾವಧಿಯಲ್ಲಿ ಇಂಥ ಪ್ರಶಸ್ತಿಪತ್ರ ಸಿಕ್ಕಿದ್ದಿಲ್ಲ. ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಆದ್ದರಿಂದ ತಮ್ಮಲ್ಲಿ ಎರಡೇ ಪ್ರಾರ್ಥನೆ. ಮುಂದಿನ ಮುದ್ರಣದಲ್ಲಿ ತಾವು ಹೇಳುವ ‘ಪ್ರತಿ ಮನೆ’ಯ ವಿಳಾಸವನ್ನು ನಕ್ಷೆ ಸಮೇತ ಅಚ್ಚು ಮಾಡಿಸಿದರೆ ನಾವೇ ಬಟ್ಟಲು ಹಿಡಿದು ಬರುತ್ತೇವೆ. ಅದು ಆಗದಿದ್ದರೆ ಗ್ರೀಸ್ ದೇಶದ ಒಂದು ಎಮ್ಮೆಯನ್ನಾದರೂ ನಮ್ಮ ತಾಲೂಕಿಗೆ ವರ್ಗಾವಣೆ ಮಾಡಿಸಿಕೊಡಬೇಕು. ಮೇವಿನ ಹೊಣೆ ಹಸನಬೀ ಹೊತ್ತಿದ್ದಾಳೆ.

ಸೋಮವಾರ ಪ್ಲಾಸ್ಟರ್ ಬಿಚ್ಚುತ್ತಾರೆ. ತಮ್ಮ ಪುಸ್ತಕವನ್ನು ಇದರೊಂದಿಗೆ ಮರಳಿಸುತ್ತಿದ್ದೇನೆ. ಬರಿದಾಗಿ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಹಸನಬೀಯ ಪುಂಡಿಪಲ್ಯ, ಹಿಂದಿನ ಮನೆಯ ಮುದಕಮ್ಮನ ಶೇಂಗಾ ಹಿಂಡಿಯೆಂಬ ಚಟ್ನಿಪುಡಿ ಮತ್ತು ಓಣಿಯವರ ಇನ್ನಷ್ಟು ಅಡುಗೆಗಳಿಂದ ಅಂಚುಗಳನ್ನೆಲ್ಲ ತುಂಬಿದ್ದೇನೆ.

ಇಂತಿ, ಈಗಲೂ ಉಪ್ಪು ಒಂದು ಕಡಿಮೆ ಹಾಕುವ
ತಮ್ಮ ವಿಶ್ವಾಸಿ,
ಕಾಶಿನಾಥ

ತಾ.ಕ.: ಪುಂಡಿ ಸೊಪ್ಪು ತಮ್ಮಲ್ಲಿ ಎಲ್ಲಿ ಸಿಗುತ್ತದೆಂದು ಕೇಳಿ ಪತ್ರ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ. ಅದು ಪ್ರತಿ ಮನೆಯಲ್ಲೂ ಸದಾ ಇರುತ್ತದೆ.