ಕಾಕಾನ ಎರಡು ಡಬ್ಬಿಗಳು

ನಮ್ಮ ಕಾಕಾ ಬರೆದುಕೊಳ್ಳದ ಹೊರತು ದೊಡವಾಡದಲ್ಲಿ ಮಳೆಯೇ ಆಗುತ್ತಿರಲಿಲ್ಲ! ನಂಬುವುದಿಲ್ಲವೆ? ಎಪ್ಪತ್ತರ ದಶಕದ ಮಾತು. ಶಾಲಾ ಮಾಸ್ತರರಾಗಿದ್ದ ಅವರ ಹಿತ್ತಿಲಲ್ಲಿ ಸರಕಾರದವರು ಮಳೆ ಅಳೆಯುವ ಡಬ್ಬಿ ಹೂಳಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು, ರಜಿಸ್ಟರಿನಲ್ಲಿ ಬರೆದು, ತಾಲ್ಲೂಕು ಕಚೇರಿಗೆ ತಿಳಿಸುವುದು ಕಾಕಾನ ಕೆಲಸ. ಒಂದು ಮದುವೆಯಲ್ಲಿ ಚಪ್ಪರ ಸೋರಿ ಎಲ್ಲರೂ ತೊಯ್ದು ತೊಪ್ಪೆಯಾದಾಗ ಬೀಗರು ಕೇಳಿದರು: "ಮಳಿ ಭಾಳ ಆತಲ್ರಿ, ಮಾಸ್ತರ?"

ಕಾಕಾ ಕನ್ನಡಕ ಒರೆಸಿಕೊಂಡರು. "ನಾಳೆ ಎಂಟೂವರಿಗೆ ಹೇಳತೇನ್ರಿ."

ಒಮ್ಮೆ ರಣಬಿಸಿಲಲ್ಲಿ ಡಬ್ಬಿಯೊಳಗೆ ನೀರು! ನೋಡಿದರೆ, ಕಾಕಾನ ಹೆಂಡತಿ, ನಮ್ಮ ಕಾಕು, ಬೇಲಿಯ ಮೇಲೆ ಹಾಕಿದ್ದ ಹಸಿ ಸೀರೆಯ ಸೆರಗು ಡಬ್ಬಿಯ ಬಾಯಿಗೇ ಬಿದ್ದಿತ್ತು. ಕಾಕಾ ಬರೆದರು: "ಮಳೆ: ಇಲ್ಲ. ಸೀರೆ: ಎರಡು ಮಿಲಿಮೀಟರ್."

"ಚೆಲ್ಲಿಬಿಟ್ಟಿದ್ರ ಏನಾಗ್ತಿತ್ರಿ? ತಾಲೂಕಿಗೆಲ್ಲಾ ನನ್ನ ಸೀರಿ ಸುದ್ದಿ ಯಾಕ?" ಎಂದರು ಕಾಕು.

"ಇದ್ದದ್ದು ಬರೀಬೇಕು."

ಮೂರು ದಿನ ಅವರಿಗೆ ಚಹಾ ಸಿಗಲಿಲ್ಲ.

ಆಮೇಲೊಂದು ವರ್ಷ ಮಳೆ ಊರೊಳಗೆ ಸುರಿದು ಹಳ್ಳದ ದಂಡೆಗೆ ಬಂದು ನಿಂತುಬಿಡುತ್ತಿತ್ತು; ಆಚೆ ಒಂದು ಹನಿಯೂ ಇಲ್ಲ. ಡಬ್ಬಿಯಲ್ಲಿ ಮಳೆ ಕಡಿಮೆ ಇದ್ದ ಊರಿಗೆ ಮಾತ್ರ ಸರಕಾರಿ ಮೇವು. ಹಳ್ಳದಾಚೆಯ, ಚಕ್ಕಡಿ ಗಾಡಿ ಹೊಡೆಯುವ ಹುಸೇನಸಾಬರು ಬಂದು ನಿಂತರು.

"ಸರ, ನಿಮ್ಮ ಡಬ್ಬಿ ಪ್ರಕಾರ ನಮ್ಮ ಎತ್ತು ಹೊಟ್ಟಿ ತುಂಬ ಮೇಯಾಕ ಹತ್ತ್ಯಾವ. ಒಂದೀಟು ನೀರು ಚೆಲ್ರಿ."

"ಚೆಲ್ಲೂದಿಲ್ಲ. ಬಿದ್ದದ್ದು ಬಿದ್ದೈತಿ."

"ನಮ್ಮ ಕಡೆ ಬೀಳಲಾರದ್ದನ್ನ ಯಾರು ಬರೀಬೇಕ್ರಿ?"

ಮರುದಿನ ಕಾಕಾ ಕಾಕುವಿನ ಹಿಟ್ಟು ಸುರುವಿ, ಅದಿದ್ದ ವನಸ್ಪತಿ ಡಬ್ಬಿಯನ್ನು ಒಯ್ದು ಹಳ್ಳದಾಚೆ ಹೂಳಿದರು. ಆದರೆ ಎಂಟೂವರೆಗೆ ಒಬ್ಬ ಮನುಷ್ಯ ಎರಡು ಕಡೆ ಇರುವುದು ಹೇಗೆ? ಶಾಲೆಯ ಫೂಟಪಟ್ಟಿ ಕೊಟ್ಟು ಹುಸೇನಸಾಬರಿಗೇ ಅಳೆಯಲು ಕಲಿಸಿದರು. ರಜಿಸ್ಟರಿನಲ್ಲಿ ಈಗ ಎರಡು ಸಾಲು: "ಸರಕಾರಿ ಡಬ್ಬಿ: ಇಪ್ಪತ್ತು. ಹಳ್ಳದಾಚೆ: ಸೊನ್ನೆ."

ವನಸ್ಪತಿ ಡಬ್ಬಿಗೆ ಮಾನ್ಯತೆ ಇಲ್ಲವೆಂದು ಕಚೇರಿಯಿಂದ ಪತ್ರ ಬಂತು. ಎತ್ತಿಗೆ ಇದೆಯೇ ಎಂದು ಕಾಕಾ ತಿರುಗಿ ಬರೆದರು. ಕೊನೆಗೆ ಸಾಹೇಬರೇ ಬಂದರು. ಈಚೆ ಅವರ ಜೀಪು ಕೆಸರಲ್ಲಿ ಹೂತುಕೊಂಡಿತು. ನಡೆದು ಆಚೆ ಹೋದರೆ ಬೂಟಿನ ತುಂಬ ಧೂಳು. ಮೇವು ಬಂತು. ಸರಕಾರಿ ಡಬ್ಬಿ ಮಾತ್ರ ಒಂದೇ ಸಾಲು ಬರೆಯುವ ಇನ್ನೊಬ್ಬರ ಹಿತ್ತಿಲಿಗೆ ಹೋಯಿತು.

ಆದರೂ ಕಾಕಾ ಎಂಟೂವರೆಗೆ ರಜಿಸ್ಟರ್ ಹಿಡಿದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಹುಸೇನಸಾಬರು ಹಳ್ಳ ದಾಟಿ ಬಂದು ಅಳತೆ ಹೇಳಿದರೆ ಬರೆದುಕೊಂಡು ಏಳುತ್ತಿದ್ದರು. ಅದನ್ನು ಯಾರೂ ಕೇಳುತ್ತಿರಲಿಲ್ಲ.

ಕಾಕಾ ತೀರಿಕೊಂಡ ಮೂರನೆಯ ದಿನ ಬೆಳಿಗ್ಗೆ ಹುಸೇನಸಾಬರು ತೊಯ್ದುಕೊಂಡು ಬಂದು, ಖಾಲಿ ಕಟ್ಟೆಯ ಮುಂದೆ ಫೂಟಪಟ್ಟಿ ಹಿಡಿದು ನಿಂತರು.

"ಹದಿನೆಂಟ್ರಿ, ಅಕ್ಕಾರ."

ಕಾಕು ಒಳಗಿನಿಂದ ರಜಿಸ್ಟರ್ ತಂದು ಬರೆದರು: "ಹಳ್ಳದಾಚೆ: ಹದಿನೆಂಟು." ಅಂಕಿಯ ಪಕ್ಕದಲ್ಲೇ ಒಂದು ಹನಿ ಬಿತ್ತು. ಒರೆಸಲು ನಾನು ಕೈ ಚಾಚಿದೆ.

"ಬ್ಯಾಡ, ಇರಲಿ. ಇದ್ದದ್ದು ಬರೀಬೇಕು," ಎಂದು ಕಾಕು ಅದರ ಮುಂದೆ ಬರೆದರು: "ಇದು ಮಳೆ ಅಲ್ಲ."