ಸುಣ್ಣಕ್ಕೂ ನೀರಿಗೂ ನಡುವಿನ ಅಧಿಕಾರಿ

ಬಹಳ ಹಿಂದಿನ ಮಾತು. ಮಧ್ಯಮಾವತಿ ಎಂಬ ಒಂದು ರಾಜ್ಯವಿತ್ತು. ಈಗಲೂ ಇದೆ ಎಂದು ವಾದಿಸುವವರಿದ್ದಾರೆ. ಅವರ ಅಭಿಪ್ರಾಯಕ್ಕೆ ಈ ಪತ್ರಿಕೆ ಹೊಣೆಯಲ್ಲ. ಅಲ್ಲಿ ಶ್ರೀಮನ್ಮಹಾರಾಜಾಧಿರಾಜ ಉಭಯಸೇನ ಭೂಪಾಲರು ಆಳುತ್ತಿದ್ದರು. ಆಳುವವರಿಗೆ ಬೇಕಾದದ್ದೆಲ್ಲವೂ ಅವರಲ್ಲಿತ್ತು, ಬಿಡುವಿನ ವೇಳೆ ಮಾತ್ರ ಸ್ವಲ್ಪ ಜಾಸ್ತಿಯಿತ್ತು.

ರಾಜಧಾನಿಯ ನೆತ್ತಿಯ ಮೇಲೆ ದೊಡ್ಡಕೆರೆ. ಕೆರೆ ಏರಿಯ ಬುಡದಲ್ಲಿ ಕೆಳಗೇರಿ. ಅಲ್ಲಿ ನಾನೂರು ಮನೆ, ಅದರಲ್ಲೊಂದು ಗಾರೆ ಮೇಸ್ತ್ರಿ ಬೋರಕ್ಕನದು. ಆ ವರ್ಷ ತೂಬಿನ ಪಕ್ಕದಲ್ಲಿ ಏರಿಯ ಕಲ್ಲುಗೋಡೆ ಮಾರಗಲ ಕುಸಿದಿತ್ತು. ಮಳೆಗಾಲಕ್ಕೆ ಮೊದಲು ಅದನ್ನು ಕಟ್ಟಿ ಗಾರೆ ಹಾಕದಿದ್ದರೆ ನಾನೂರು ಮನೆಯೂ ನೀರುಪಾಲು. ಕೆಲಸ ಬೋರಕ್ಕನ ಪಾಲಿಗೆ ಬಂತು. ಅವಳ ಅಪ್ಪ, ಅಜ್ಜ ಎಲ್ಲರೂ ಸುಣ್ಣದ ಧೂಳಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು.

ಗಾರೆಯೇನು ಬ್ರಹ್ಮವಿದ್ಯೆಯಲ್ಲ. ಸುಟ್ಟ ಸುಣ್ಣವನ್ನು ಮೊದಲು ನೀರಿನಲ್ಲಿ ಅರಳಿಸಬೇಕು, ಆಮೇಲೆ ಮರಳು ಬೆರೆಸಬೇಕು. ರಾಜ್ಯದ ಪದ್ಧತಿಯೂ ಅಷ್ಟೇ ಸರಳವಾಗಿತ್ತು. ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಅಧಿಕಾರಿ. ಮೊದಲು ಅವನ ಹೆಸರು ಕೂಗುವುದು, ಆಮೇಲೆ ಅವನ ಎರಡು ಕೈಗೆ ಎರಡು ವಸ್ತು ಕೊಡುವುದು. 'ಅರಳಿಸುವವರೇ, ತಗೊಳ್ಳಿ: ಸುಣ್ಣ, ನೀರು.' ಅವರು ಅರಳಿಸಿ ಕೊಟ್ಟದ್ದನ್ನು ಮರಳಿನ ಜತೆ ಬೆರೆಸುವವರ ಕೈಗೆ ಕೊಡುವುದು. ನೋಡಲು ಏನೂ ಚೆಂದವಿರಲಿಲ್ಲ, ಕೆಲಸ ಮಾತ್ರ ಆಗುತ್ತಿತ್ತು.

ಹೀಗಿರಲಾಗಿ ಒಂದು ದಿನ ಮಹಾರಾಜರು ರಾಜಕುಮಾರಿಯ ಲೆಕ್ಕದ ಹಲಗೆಯನ್ನು ಅವಲೋಕಿಸಿದರು. ಅಲ್ಲಿ ಎರಡು, ಅದರ ಪಕ್ಕ ಕೂಡುವ ಗುರುತು, ಅದರ ಪಕ್ಕ ಮೂರು.

"ಈ ಗುರುತು ಎಷ್ಟು ಗಂಭೀರವಾಗಿ ನಡುವೆ ಕುಳಿತಿದೆ ನೋಡಿದಿರಾ, ಸಚಿವರೇ? ಎಡಕ್ಕೊಬ್ಬ, ಬಲಕ್ಕೊಬ್ಬ, ನಡುವೆ ತಾನು. ನಮ್ಮ ಅಧಿಕಾರಿಗಳು ಮಾತ್ರ ಸಾಲಿನ ಮುಂದೆ ಕೈಚಾಚಿ ನಿಂತಿರುತ್ತಾರೆ."

ಸುಲಭಾಡಳಿತ ಸಚಿವ ಲಲಿತಾಂಗದೇವರು ಎರಡು ಕ್ಷಣ ಕಣ್ಣು ಮುಚ್ಚಿ ರೋಮಾಂಚನಗೊಂಡರು. "ಪ್ರಭು, ಸಾವಿರ ವರ್ಷದಿಂದ ಮಕ್ಕಳು ಈ ಲೆಕ್ಕ ಮಾಡುತ್ತಿದ್ದಾರೆ. ಒಬ್ಬರಿಗೂ ಇದು ಹೊಳೆದಿರಲಿಲ್ಲ. ಕಣ್ಣಿದ್ದರೆ ಸಾಲದು, ಅದು ಕಿರೀಟದ ಕೆಳಗಿರಬೇಕು."

ಮರುದಿನವೇ ನಡುಪೀಠ ಶಾಸನ ಹೊರಟಿತು. ಎರಡು ವಸ್ತುಗಳ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬ ಅಧಿಕಾರಿಯೂ ಇನ್ನು ಮುಂದೆ ಆ ಎರಡರ ನಡುವೆ ಕೂರತಕ್ಕದ್ದು. ಅವನು ನಡುವಿನವನೆಂದು ಎಲ್ಲರಿಗೂ ತಿಳಿಯುವಂತೆ ಎರಡು ಮಗ್ಗುಲಿಗೂ ಒಂದೊಂದು ಸೊಟ್ಟ ಕೋಲು ನೆಡತಕ್ಕದ್ದು. ಕೋಲು ನೆಟ್ಟರಾಯಿತು, ಯಾರು ಬೇಕಾದರೂ ನಡುವಿನವರಾಗಬಹುದು. ಶಾಸನದಲ್ಲಿ ಇದನ್ನು 'ಯೂಸರ್ ಫ್ರೆಂಡ್ಲಿ ರಾಜಧರ್ಮ' ಎಂದು ಬಣ್ಣಿಸಲಾಗಿತ್ತು.

ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ಓದುಗರು ಇಲ್ಲಿ ಮೆಲ್ಲಗೆ ನಕ್ಕಿರಬಹುದು. ಅವರ ಕೆಲವು ಭಾಷೆಗಳಲ್ಲೂ ಫಂಕ್ಷನ್ನಿನ ಹೆಸರನ್ನು ಸಾಲಿನ ಮುಂದಿನಿಂದ ಎಬ್ಬಿಸಿ, ಅತ್ತಿತ್ತ ಎರಡು ಸೊಟ್ಟ ಗೆರೆ ಹಾಕಿ, ಕೂಡುವ ಗುರುತಿನ ಹಾಗೆ ನಡುವೆ ಕೂರಿಸುವ ಅನುಕೂಲವಿದೆಯಂತೆ. ಅನುಕೂಲವೇ, ಇಲ್ಲವೆನ್ನಲಾಗದು. ಬೋರಕ್ಕನೂ ಇಲ್ಲವೆನ್ನಲಿಲ್ಲ. ಎಡಕ್ಕೆ ಸುಣ್ಣ, ನಡುವೆ ಅರಳಿಸುವವರು, ಬಲಕ್ಕೆ ನೀರು. ಹಾದಿಯಲ್ಲಿ ಹೋಗುವವರಿಗೂ ಏನು ನಡೆಯುತ್ತಿದೆಯೆಂದು ತಿಳಿಯುತ್ತಿತ್ತು. "ಚೆನ್ನಾಗೇ ಐತೆ ಬುಡು, ಕೆಲ್ಸ ಆದ್ರೆ ಸರಿ," ಅಂದಳು.

ತೊಂದರೆ ಶುರುವಾದದ್ದು ಸಾಲು ಉದ್ದವಾದಾಗ. ಸುಣ್ಣ, ಅರಳಿಸುವವರು, ನೀರು, ಬೆರೆಸುವವರು, ಮರಳು ಎಲ್ಲವೂ ಒಂದೇ ಸಾಲಿನಲ್ಲಿ ಕೂತವು. ನೀರಿನ ಕೊಪ್ಪರಿಗೆ ಇಬ್ಬರು ಅಧಿಕಾರಿಗಳ ನಡುವೆ ಸಿಕ್ಕಿಕೊಂಡಿತು. ಇವರು ಈ ಕಡೆ ಹಿಡಿದರು, ಅವರು ಆ ಕಡೆ ಹಿಡಿದರು. ನೀರು ತನ್ನ ಪಾಡಿಗೆ ನೆಲಕ್ಕೆ ಚೆಲ್ಲಿತು.

ಆಗ ಪದವಿ ಶಾಸನ ಬಂತು. ಸೊನ್ನೆಯಿಂದ ಒಂಬತ್ತರವರೆಗೆ ಪದವಿಗಳು. ಪದವಿ ಹೆಚ್ಚಿದ್ದವನು ಮೊದಲು ಕೈಹಾಕುವುದು. ಇದೂ ತಪ್ಪಲ್ಲ. ಗುಣಿಸುವುದು ಮೊದಲು, ಕೂಡುವುದು ಆಮೇಲೆ ಎಂದು ಶಾಲೆಯಲ್ಲೇ ಹೇಳಿಕೊಡುತ್ತಾರೆ. ಆದರೆ ಈ ಪದವಿಗಳನ್ನು ಹಂಚಿದ್ದು ಶಾಲೆಯಲ್ಲಲ್ಲ, ಸಚಿವರ ಮನೆಯ ಜಗಲಿಯಲ್ಲಿ. ಬೆರೆಸುವವರು ಸಚಿವರ ಬಾಮೈದ, ಅವರಿಗೆ ಒಂಬತ್ತು ಸಿಕ್ಕಿತು. ಅರಳಿಸುವವರು ಯಾರ ಬಾಮೈದನೂ ಅಲ್ಲದ ವಯಸ್ಸಾದ ಮನುಷ್ಯ. ಅವರಿಗೆ ಮೂರು ಸಿಕ್ಕಿದ್ದೇ ದೊಡ್ಡದು ಎಂದರು ತಿಳಿದವರು.

ಅದರಂತೆ ಬಾಮೈದರು ಮೊದಲು ನೀರಿಗೆ ಮರಳು ಬೆರೆಸಿದರು. ಆ ಕೆಸರಿನಲ್ಲಿ ಸುಣ್ಣ ಅರಳಬೇಕಾಯಿತು. ಅರ್ಧ ಅರಳಿತು, ಅರ್ಧ ಹರಳಾಗಿಯೇ ಉಳಿಯಿತು. ಬೇಡ, ಬೇಡ ಎಂದು ಬೋರಕ್ಕ ಬಾಯಿ ಬಡಿದುಕೊಂಡರೂ ಅದನ್ನೇ ಗೋಡೆಗೆ ಮೆತ್ತಿಸಿದರು. ಮೂರನೆಯ ದಿನ ಹರಳುಗಳು ಗೋಡೆಯೊಳಗೇ ಅರಳಿ ಉಬ್ಬಿದವು. ಕಟ್ಟಿದ್ದಷ್ಟೂ ಸಿಡಿದು ಉದುರಿತು.

ಬೋರಕ್ಕ ಆಸ್ಥಾನಕ್ಕೆ ಹೋದಳು. "ಬುದ್ಧಿ, ಸುಣ್ಣ ಮೊದ್ಲು ನೀರು ಕುಡೀಬೇಕು. ಆಮ್ಯಾಕೆ ಮರಳು. ಹಿಂದುಮುಂದಾದ್ರೆ ಗ್ವಾಡೆ ನಿಲ್ಲಾಕಿಲ್ಲ. ನಮ್ಮ ಕೇರಿ ಮುಳುಗೋಯ್ತದೆ."

ಮಹಾರಾಜರ ಕರುಳು ಮಿಡಿಯಿತು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಕೇಳಿ ಸುಮ್ಮನಿರುತ್ತಿದ್ದರು. "ಅರಳಿಸುವವರಿಗೆ ಮೂರೇ ಮೂರು ಪದವಿಯೇ? ಇದು ಅನ್ಯಾಯ. ನಮ್ಮ ರಾಜ್ಯದಲ್ಲಿ ಮೇಲುಕೀಳು ಬೇಡ. ಎಲ್ಲರಿಗೂ ಒಂಬತ್ತು ಕೊಡಿ."

ಆಸ್ಥಾನ ಜಯಘೋಷ ಮಾಡಿತು. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂದು ಬೋರಕ್ಕ ಹೇಳುವಷ್ಟರಲ್ಲಿ ಅವಳಿಗೆ ತಾಂಬೂಲ ಕೊಟ್ಟು ಕಳಿಸಿದರು.

ಎಲ್ಲರೂ ಒಂಬತ್ತಾದ ಮೇಲೆ ಮೊದಲು ಯಾರು? ಇದಕ್ಕೂ ಶಾಸನವಿತ್ತು. ಪ್ರತಿ ಅಧಿಕಾರಿಯೂ ತಾನು ಎಡದಿಂದ ಶುರುಮಾಡುವವನೋ ಬಲದಿಂದ ಶುರುಮಾಡುವವನೋ ಬರೆದುಕೊಟ್ಟಿರಬೇಕು. ಅರಳಿಸುವವರು ಎಡ ಎಂದು ಬರೆದುಕೊಟ್ಟಿದ್ದರು, ಬಾಮೈದರು ಬಲ ಎಂದು. ಪದವಿ ಒಂದೇ ಆಗಿ ದಿಕ್ಕು ಬೇರೆಯಾದರೆ ಯಾರೂ ಕೈಹಾಕಕೂಡದು ಎಂದು ಶಾಸನದ ಕೊನೆಯ ಸಾಲು ಹೇಳುತ್ತಿತ್ತು. ಇಬ್ಬರೂ ಕೈಕಟ್ಟಿ ಕೂತರು. ಒಂದು ವಾರ ಕೂತರು. ಇಬ್ಬರಿಗೂ ನಿಯಮ ಪಾಲನೆಯ ಪ್ರಶಸ್ತಿ ಬಂತು.

ಬೋರಕ್ಕ ಪ್ರತಿದಿನ ಬೆಳಿಗ್ಗೆ ಏರಿ ಹತ್ತಿ ಮೋಡ ನೋಡುತ್ತಿದ್ದಳು. ಕೆಳಗೆ ತನ್ನ ಮನೆಯ ಹಂಚು ಕಾಣುತ್ತಿತ್ತು, ಅಂಗಳದಲ್ಲಿ ಮಗಳು ರಾಗಿ ಬೀಸುವುದು ಕಾಣುತ್ತಿತ್ತು. ಅವಳಿಗೆ ಹೆದರಿಕೆಯಾಯಿತು, ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಒಂದು ಹಗ್ಗ ತಂದು ಸುಣ್ಣ, ಅರಳಿಸುವವರು, ನೀರು ಈ ಮೂರನ್ನೂ ಸುತ್ತುಹಾಕಿದಳು.

"ಈ ಹಗ್ಗದೊಳಗಿಂದು ಮೊದ್ಲು ಆಗ್ಲಿ. ಹೊರಗಿಂದು ಆಮ್ಯಾಕೆ. ನಿಮ್ಮ ಪದವಿ ನಿಮ್ಮತ್ರಾನೇ ಇರ್ಲಿ, ಯಾರೂ ಕಿತ್ಕಳಲ್ಲ."

ಅರಳಿಸುವವರು ಅತ್ತಿತ್ತ ನೋಡಿ ಕೈಹಾಕಿದರು. ಸುಣ್ಣ ಕೊತಕೊತ ಕುದಿದು ಬೆಣ್ಣೆಯ ಹಾಗೆ ಅರಳಿತು. ಆಮೇಲೆ ಬಾಮೈದರು ಮರಳು ಬೆರೆಸಿದರು. ಗೋಡೆ ಒಂದು ಮೊಳ ಎದ್ದು ನಿಂತಿತು. ಬೋರಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಸುಣ್ಣದ ಝಳಕ್ಕೆ ಎಂದಳು.

ಮರುದಿನ ಸಚಿವರು ತಪಾಸಣೆಗೆ ಬಂದರು.

"ಇದೇನು ಹಗ್ಗ?"

"ಯಾವ್ದು ಮೊದ್ಲು ಅಂತ ಗೊತ್ತಾಗ್ಲಿ ಅಂತ, ಬುದ್ಧಿ."

"ಅದಕ್ಕೇ ಅಲ್ಲವೇನಮ್ಮಾ ಪದವಿ ಇರುವುದು? ಹಗ್ಗ ಹಾಕಿದ ಮೇಲೆ ಪದವಿ ಏಕೆ, ಪದವಿ ಶಾಸನ ಏಕೆ, ನಾನು ಏಕೆ?" ಈ ಪ್ರಶ್ನೆಗೆ ಬೋರಕ್ಕನ ಬಳಿ ಉತ್ತರವಿತ್ತು, ಆದರೆ ಸಚಿವರು ಬಿಡುವು ಕೊಡದೆ ಮುಂದುವರಿಸಿದರು. "ಸಾಲು ಸುಂದರವಾಗಿ ಕಾಣಲೆಂದು ಇಷ್ಟೆಲ್ಲ ಮಾಡಿದ್ದೇವೆ. ನಾಳೆ ಪರದೇಶದ ನಿಯೋಗ ಬರುತ್ತದೆ. ಅವರ ಕಣ್ಣಿಗೆ ಹಗ್ಗ ಬಿದ್ದರೆ ನಮ್ಮ ರಾಜ್ಯದ ಇಮೇಜ್ ಏನಾಗಬೇಕು?"

ಹಗ್ಗ ನಿಷೇಧ ಶಾಸನ ಅಂದೇ ಹೊರಟಿತು. ಇಬ್ಬರು ಅಧಿಕಾರಿಗಳೂ ಮತ್ತೆ ಕೈಕಟ್ಟಿ ಕೂತರು. ನಿಯೋಗದವರು ಬಂದು ಸಾಲನ್ನು ನೋಡಿ ಬಹಳ ಮೆಚ್ಚಿಕೊಂಡರು.

ಮಳೆ ಶಾಸನಗಳನ್ನು ಓದಿಕೊಂಡಿರಲಿಲ್ಲ, ಬಂದೇಬಿಟ್ಟಿತು. ಎರಡೇ ದಿನಕ್ಕೆ ಕೆರೆ ತುಂಬಿ, ಒಂದು ಮೊಳದ ಗೋಡೆಯ ಮೇಲಿಂದ ನೀರು ಇಣುಕಿತು. ಮಹಾರಾಜರು ಶ್ವೇತಚ್ಛತ್ರದಡಿ ಏರಿಗೆ ಚಿತ್ತೈಸಿದರು.

"ನೀರಿಗೂ ಊರಿಗೂ ನಡುವೆ ಈಗ ಯಾರಿದ್ದಾರೆ?"

"ಸದ್ಯಕ್ಕೆ ಯಾರೂ ಇಲ್ಲ, ಪ್ರಭು."

"ನಡುವೆ ಯಾರೂ ಇಲ್ಲದಿರುವುದು ನಮ್ಮ ಶಾಸನಕ್ಕೆ ವಿರುದ್ಧವಲ್ಲವೇ?"

ಸಚಿವರಿಗೆ ಮತ್ತೊಮ್ಮೆ ರೋಮಾಂಚನವಾಯಿತು. ಎಡಕ್ಕೆ ನೀರು, ಬಲಕ್ಕೆ ಊರು, ನಡುವೆ ಪ್ರಜೆಗಳು: ಇದಕ್ಕಿಂತ ಸುಂದರವಾದ ಸಾಲು ಯಾವ ದೇಶದಲ್ಲಿದೆ? ಕೆಳಗೇರಿಯ ಜನರಿಗೆ, ಅದುವರೆಗೆ ಇಲ್ಲದಿದ್ದ ಹತ್ತು ಎಂಬ ಪದವಿಯನ್ನು ಸ್ಥಳದಲ್ಲೇ ಸೃಷ್ಟಿಸಿ ಕರುಣಿಸಲಾಯಿತು. ಮುಳುಗುವುದು ಅವರದೇ ಮನೆಗಳಾದ್ದರಿಂದ ಅವರು ಆಗಲೇ ಮಣ್ಣಿನ ಪುಟ್ಟಿ ಹೊತ್ತು ಓಡಿ ಬಂದಿದ್ದರು. ಕುಸಿದ ಜಾಗದಲ್ಲಿ ಮಣ್ಣು ಸುರಿದು, ಅದಕ್ಕೆ ಬೆನ್ನುಕೊಟ್ಟು, ಹೆಗಲಿಗೆ ಹೆಗಲು ಸೇರಿಸಿ ನಿಂತರು. ನೀರು ನಿಂತಿತು.

ಏರಿಯ ಮೇಲೆಯೇ ಪುಟ್ಟದೊಂದು ದರ್ಬಾರು ನಡೆಯಿತು. ಕೆರೆಯನ್ನು ತಡೆದ ಮಹಾರಾಜರಿಗೆ 'ಮಧ್ಯಮಣಿ ಚಕ್ರವರ್ತಿ' ಎಂಬ ಬಿರುದು ಕೊಟ್ಟು ಎರಡನೆಯ ಸಲ ಕಿರೀಟಧಾರಣೆ ಮಾಡಲಾಯಿತು. ಆಸ್ಥಾನ ಕವಿಗಳು ಕೊಡೆಯ ಕೆಳಗೆ ನಿಂತು ಹದಿನಾರು ಕಂದಪದ್ಯ ಓದಿದರು.

ಬೋರಕ್ಕ ಬೆನ್ನು ತೆಗೆಯದೆಯೇ ಕತ್ತು ಮೇಲೆತ್ತಿದಳು. "ಬುದ್ಧಿ, ಎಷ್ಟು ದಿನ ಹಿಂಗೇ ನಿಂತ್ಕಬೇಕು?"

ಸಚಿವರು ಪ್ರಸನ್ನರಾಗಿ ನಕ್ಕರು. "ಚಿಂತೆ ಬೇಡಮ್ಮಾ. ಈ ಪದವಿಯನ್ನು ಮಹಾರಾಜರು ವಂಶಪಾರಂಪರ್ಯವಾಗಿ ದಯಪಾಲಿಸಿದ್ದಾರೆ."

ಬೋರಕ್ಕ ಸ್ವಲ್ಪ ಸರಿದು, ಪಕ್ಕದಲ್ಲಿ ಮಗಳಿಗೆ ಜಾಗ ಮಾಡಿಕೊಟ್ಟಳು.